ಹಲಗೆಯ ಆ ಕಡೆಯ ಪಾಠ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿರುವ ಅಕ್ಕನವರೇ, ಅವರ ಬಂಧುಗಳೇ, ಆಡಳಿತ ಮಂಡಳಿಯ ಅಧ್ಯಕ್ಷರೇ, ಹೆಡ್‌ಮೇಡಂ ಅವರೇ, ಸಹೋದ್ಯೋಗಿಗಳೇ, ಮಕ್ಕಳೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಹಳೆಯ ವಿದ್ಯಾರ್ಥಿಗಳೇ — ಇಲ್ಲಿ ಮುಂದೆ ಕುರ್ಚಿ ಖಾಲಿ ಇವೆ, ಬನ್ನಿ. ಬರಲ್ವಾ? ಆಯ್ತು ಬಿಡಿ. ಅವರ ಕ್ಲಾಸಿನಲ್ಲೂ ನೀವು ಹಿಂದೆಯೇ ಕೂರುತ್ತಿದ್ದಿರಿ.

ನಾನು ಈ ಶಾಲೆಯ ಗಣಿತದ ಮೇಷ್ಟ್ರು. ತೀರಿಕೊಂಡವರು ಜೀವಶಾಸ್ತ್ರದ ಮೇಡಂ. ಅವರ ಬಗ್ಗೆ ಮಾತಾಡಲು ನನಗಿಂತ ಹತ್ತಿರದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅವರ ಮನೆಗೆ ಹೋಗಿ ಬರುವವನಲ್ಲ. ಸ್ಟಾಫ್‌ರೂಮಿನಲ್ಲೂ ನಮ್ಮ ಮೇಜುಗಳು ಎದುರು ಬದುರು ತುದಿಗಳಲ್ಲಿದ್ದವು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹಲಗೆ.

ಈ ಶಾಲೆಯಲ್ಲಿ ಓದಿದವರಿಗೆ ಗೊತ್ತು, ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಗೋಡೆ ಇಲ್ಲ. ಒಂದು ದೊಡ್ಡ ಹಾಲ್ ಇತ್ತು, ಅದಕ್ಕೆ ಅಡ್ಡಲಾಗಿ ಹಲಗೆ ಹೊಡೆದು ಎರಡು ಮಾಡಿದರು. ಹಲಗೆ ಚಾವಣಿಯವರೆಗೆ ಹೋಗಿಲ್ಲ. ಮೇಲೆ ಒಂದಿಷ್ಟು ಜಾಗ ಬಿಟ್ಟಿದ್ದಾರೆ, ಗಾಳಿಗೆ ಅಂತ. ಗಾಳಿ ಎಷ್ಟು ಬಂತೋ ನನಗೆ ಗೊತ್ತಿಲ್ಲ. ಮಾತು ಮಾತ್ರ ಒಂದೂ ಬಿಡದೆ ಬಂತು.

ಒಮ್ಮೆ ನಾನು ಬೋರ್ಡಿನ ಮೇಲೆ ದೊಡ್ಡದೊಂದು ಲೆಕ್ಕ ಬಿಡಿಸುವ ಭರದಲ್ಲಿ ಏಳೆಂಟ್ಲ ಐವತ್ನಾಲ್ಕು ಅಂದುಬಿಟ್ಟೆ. ನನ್ನ ಕ್ಲಾಸಿನ ಮಕ್ಕಳು ಹಾಗೇ ಬರೆದುಕೊಂಡರು, ಪಾಪ. ಹಲಗೆಯ ಮೇಲಿಂದ ದನಿ ಬಂತು — "ಮೇಷ್ಟ್ರೇ, ಐವತ್ತಾರು. ಜಾಡಿಯಲ್ಲಿರೋ ನಮ್ಮ ಕಪ್ಪೆಗೂ ಗೊತ್ತು." ಎರಡೂ ಕ್ಲಾಸು ಬಿದ್ದು ಬಿದ್ದು ನಕ್ಕವು. ನಾನು ಸಿಟ್ಟಿನಿಂದ ಡಸ್ಟರ್ ತೆಗೆದು ಹಲಗೆಗೆ ಎರಡು ಸಲ ಕುಟ್ಟಿದೆ. ಆ ಕಡೆಯಿಂದ ಅವರೂ ಎರಡು ಸಲ ಕುಟ್ಟಿದರು. ಅಂದಿನಿಂದ ಅದೇ ನಮ್ಮ ಮಾತುಕತೆ ಆಯಿತು. ನನ್ನ ಕ್ಲಾಸಿನ ಗಲಾಟೆ ಜಾಸ್ತಿಯಾದರೆ ಅವರು ಕುಟ್ಟುತ್ತಿದ್ದರು, ಅವರದು ಜಾಸ್ತಿಯಾದರೆ ನಾನು.

ಈಗ ಆ ಕಡೆ ಸದ್ದಿಲ್ಲ. ಮೂರನೇ ಪೀರಿಯಡ್ಡಿಗೆ ಬೆಲ್ ಹೊಡೆಯುತ್ತದೆ. ಅವರ ಕ್ಲಾಸಿನ ಮಕ್ಕಳು ಬಂದು ಕೂರುತ್ತಾರೆ, ಬೆಂಚು ಎಳೆಯುವ ಸದ್ದು ಕೇಳುತ್ತದೆ. ಆಮೇಲೆ ಏನೂ ಇಲ್ಲ. ಮೇಷ್ಟ್ರಿಲ್ಲದ ಕ್ಲಾಸು ಗಲಾಟೆ ಮಾಡಬೇಕಲ್ಲವೇ? ಮಾಡುವುದಿಲ್ಲ. ನಾನು ಈ ಕಡೆ ಸೀಮೆಸುಣ್ಣ ಹಿಡಿದುಕೊಂಡು ನಿಂತುಬಿಡುತ್ತೇನೆ. ನನ್ನ ಮಕ್ಕಳೂ ಪೆನ್ನು ಕೆಳಗಿಟ್ಟು ಕೂರುತ್ತಾರೆ. ಎರಡೂ ಕಡೆ ಎಲ್ಲರೂ ಒಂದೇ ದನಿಗೆ ಕಾಯುತ್ತಿರುತ್ತೇವೆ.

ಅವರಿಗೆ ಮಕ್ಕಳು ಇಟ್ಟ ಹೆಸರು 'ಹಾಗಂದ್ರೆ ಮೇಡಂ'. ಅಲ್ಲಿ ನಗುತ್ತಿದ್ದೀರಿ, ನಗಿ, ತಪ್ಪಿಲ್ಲ. ಅವರಿಗೂ ಆ ಹೆಸರು ಗೊತ್ತಿತ್ತು. ಯಾರೇ ಏನೇ ಹೇಳಲಿ, ತಲೆ ಸ್ವಲ್ಪ ವಾಲಿಸಿ — ಹೀಗೆ — "ಹಾಗಂದ್ರೆ?" ಅಂತ ಕೇಳುವುದು. ಪಾಠದಲ್ಲಿ ಕೇಳುವುದು, ಮೀಟಿಂಗಿನಲ್ಲಿ ಕೇಳುವುದು. ಇನ್ಸ್‌ಪೆಕ್ಟರ್ ಬಂದು "ಮಕ್ಕಳ ಸರ್ವತೋಮುಖ ಬೆಳವಣಿಗೆ" ಅಂದಾಗಲೂ ಕೇಳಿದರು. ಇನ್ಸ್‌ಪೆಕ್ಟರ್ ಆ ದಿನ ಊಟ ಮಾಡದೆ ಹೋದರು.

ನಾನು ದೇವರನ್ನು ನಂಬುವವನು. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡದೆ ನಾನು ಬಾಯಿಗೆ ಹನಿ ನೀರು ಸೋಕಿಸುವುದಿಲ್ಲ. ಮೇಡಂ ಹೋದಂದಿನಿಂದ ಒಂದು ತೊಂದರೆ ಶುರುವಾಗಿದೆ. ಕಣ್ಣು ಮುಚ್ಚಿ ಕೂತು ಎರಡು ಮಾತು ಹೇಳುವುದರೊಳಗೆ ಪಕ್ಕದಿಂದ ಆ ದನಿ ಬರುತ್ತದೆ — ಹಾಗಂದ್ರೆ? ಆತ್ಮ ಗೀತ್ಮ ಅಂತ ಅವರು ಒಂದು ದಿನವೂ ನಂಬಿದವರಲ್ಲ. ನಂಬದವರೇ ಬಂದು ಹೀಗೆ ಕಾಡಿದರೆ ನಾನು ಯಾರಿಗೆ ದೂರು ಹೇಳಲಿ?

ಇರಲಿ. ಇವತ್ತು ನಾನು ಮಾತಾಡಬೇಕಾದದ್ದು ಆ ಪಾಠದ ಬಗ್ಗೆ.

ಯಾವ ಪಾಠ ಅಂತ ಹೇಳಬೇಕಾಗಿಲ್ಲ. ಜೀವವಿಕಾಸದ ಪಾಠ. ಪುಸ್ತಕದ ಕೊನೆಯ ಕಡೆ ಇದೆ. ಅದು ಹತ್ತಿರ ಬಂತೆಂದರೆ ನಮ್ಮ ಶಾಲೆಗೆ ಜ್ವರ ಬಂದ ಹಾಗೆ. ಆಫೀಸಿನ ಫೋನ್ ಬಡಿದುಕೊಳ್ಳುತ್ತದೆ, ಗೇಟಿನ ಹತ್ತಿರ ತಂದೆತಾಯಂದಿರು ಗುಂಪುಗುಂಪಾಗಿ ನಿಲ್ಲುತ್ತಾರೆ, ಕೆಲವು ಮಕ್ಕಳಿಗೆ ಆ ವಾರ ಸರಿಯಾಗಿ ಹೊಟ್ಟೆನೋವು ಬರುತ್ತದೆ.

ನಮ್ಮ ಅಧ್ಯಕ್ಷರು ಇಲ್ಲೇ ಇದ್ದಾರೆ. ಆಗ ಅವರು ಅಧ್ಯಕ್ಷರಾಗಿರಲಿಲ್ಲ, ಮರದ ಡಿಪೋ ನಡೆಸುತ್ತಿದ್ದರು, ಅವರ ಮಗಳು ಈ ಶಾಲೆಯಲ್ಲಿದ್ದಳು. ನಾನು ಹೇಳುತ್ತಿದ್ದೆನಲ್ಲ, ಆ ಹಲಗೆಯೂ ಅವರ ಡಿಪೋದಿಂದಲೇ ಬಂದದ್ದು. ಒಂದು ಬೆಳಿಗ್ಗೆ ಅವರು ಸೀದಾ ಮೇಡಂ ಕ್ಲಾಸಿಗೆ ನುಗ್ಗಿದರು. ನಾನು ನೋಡಲಿಲ್ಲ, ಕೇಳಿದೆ.

"ನಮ್ಮಪ್ಪ ಊಟಕ್ಕೆ ಕೂತಿದ್ರೆ, ಅವರ ಮುಖಕ್ಕೆ ಹೇಳ್ತಾಳೆ ನನ್ನ ಮಗಳು, ಅಜ್ಜ ನೀನು ಹೇಳಿದ ಸೃಷ್ಟಿ ಕತೆ ಸುಳ್ಳು ಅಂತ. ಅವರು ತಟ್ಟೆ ಬಿಟ್ಟು ಎದ್ದು ಹೋದ್ರು. ಇದಕ್ಕಾ ನಾವು ಮಕ್ಕಳನ್ನ ಶಾಲೆಗೆ ಕಳಿಸೋದು?"

ಮೇಡಂ ಅವರನ್ನು ಕೂರಿಸಿದರು. ಅವರದೊಂದು ಕಟ್ಟುನಿಟ್ಟಾದ ಕ್ರಮ ಇತ್ತು, ಇಲ್ಲಿರುವ ವಿದ್ಯಾರ್ಥಿಗಳೆಲ್ಲ ಅದರಲ್ಲಿ ಪಳಗಿದವರು. ಎದುರಿನವರ ಮಾತನ್ನು ಮೊದಲು ನೀನು ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನುವ ತನಕ ಹೇಳುತ್ತಲೇ ಇರಬೇಕು. ಅಲ್ಲಿಯವರೆಗೆ ನಿನ್ನ ಮಾತಿಗೆ ಸರದಿ ಇಲ್ಲ.

ಮೇಡಂ ಹೇಳಿದರು, "ನಿಮಗೆ ಪಾಠದ ಮೇಲೆ ಕೋಪ, ಅಲ್ವಾ?" ಅಂತ. ಅವರು, ಅಲ್ಲ ಅಂದರು. "ದೇವರಿಗೆ ಅವಮಾನ ಆಯ್ತು ಅಂತನಾ?" ಅದೂ ಪೂರ್ತಿ ಅಲ್ಲ ಅಂದರು. ಆಮೇಲೆ ಮೇಡಂ ಮೆಲ್ಲಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ — "ನಿಮ್ಮ ಮಗಳು ಇನ್ಮೇಲೆ ಅಜ್ಜನ ಮಾತು ಯಾವುದನ್ನೂ ನಂಬಲ್ಲ, ಅವರ ಪಕ್ಕ ಕೂರೋದೇ ಬಿಟ್ಟುಬಿಡ್ತಾಳೆ ಅಂತ ನಿಮಗೆ ಭಯ."

ಅವರು "ಹೌದು" ಅಂದರು. ಅಷ್ಟು ದೊಡ್ಡ ದನಿಯ ಮನುಷ್ಯ, ಆ ಹೌದು ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

ಮೇಡಂ ಆ ಹುಡುಗಿಯನ್ನು ಕರೆದು ಹೇಳಿದರು, "ನಾನು ಮೂಳೆ ಬಗ್ಗೆ ಪಾಠ ಮಾಡ್ದೆ. ನಿಮ್ಮಜ್ಜನ ಬಗ್ಗೆ ಮಾಡಿಲ್ಲ. ಸುಳ್ಳು ಅನ್ನೋ ಪದ ನನ್ನ ಪಾಠದಲ್ಲಿ ಎಲ್ಲಿತ್ತು ತೋರ್ಸು. ಹೋಗಿ ಅಜ್ಜನ ಪಕ್ಕ ಕೂತು ಊಟ ಮಾಡು." ಅಪ್ಪನ ಕಡೆ ತಿರುಗಿ ಹೇಳಿದರು, "ನಾಳೆ ಇದೇ ಪಾಠ ಮುಂದುವರಿಸ್ತೀನಿ. ಒಂದಕ್ಷರ ಬಿಡಲ್ಲ. ಬೇಕಾದ್ರೆ ಬಂದು ಕೂತ್ಕೊಳ್ಳಿ."

ಅಧ್ಯಕ್ಷರು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪಿಲ್ಲ. ಆದರೆ ಮೇಡಂ ಆಸ್ಪತ್ರೆಯಲ್ಲಿದ್ದಾಗ ದಿನಾ ಬಂದು ಹೊರಗಿನ ಬೆಂಚಿನ ಮೇಲೆ ಕೂತು ಹೋಗುತ್ತಿದ್ದವರಲ್ಲಿ ಅವರೂ ಒಬ್ಬರು. ಇದನ್ನು ನಾನು ಹೇಳದಿದ್ದರೆ ತಪ್ಪಾಗುತ್ತದೆ.

ಆ ಪಾಠವನ್ನು ನಾನು ಪ್ರತಿ ವರ್ಷ ಕೇಳಿದ್ದೇನೆ. ಕೇಳಿದ್ದೇನೆ ಅಷ್ಟೇ, ನೋಡಿಲ್ಲ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ನಮ್ಮ ಕೈ — ಬೋರ್ಡಿನ ಮೇಲೆ ಅವರು ಬರೆಯುವಾಗ ಸೀಮೆಸುಣ್ಣ ಕಿರ್ ಅನ್ನುವುದು ಕೇಳುತ್ತಿತ್ತು, ಚಿತ್ರ ಹೇಗಿತ್ತೋ ಗೊತ್ತಿಲ್ಲ. ಪಾಠದ ನಡುವೆ ಒಂದು ಜಾಗ ಬರುತ್ತಿತ್ತು. ಅಲ್ಲಿ ಅವರು ದನಿ ತಗ್ಗಿಸಿ ಹೇಳುತ್ತಿದ್ದರು, "ಈಗ ಎಲ್ಲರೂ ಹೀಗೆ ಮಾಡಿ." ಆಮೇಲೆ ಇಡೀ ಕ್ಲಾಸು ಗಪ್‌ಚಿಪ್. ಸೂಜಿ ಬಿದ್ದರೂ ಕೇಳಬೇಕು. ಆಮೇಲೆ ಇದ್ದಕ್ಕಿದ್ದ ಹಾಗೆ ಗುಜುಗುಜು — "ನಂಗಿದೆ", "ನಂಗಿಲ್ಲ", "ಏ, ನಿಂಗೆ ಯಾಕಿಲ್ಲ?"

ಏನೋ ಹಂಚುತ್ತಾರೆ ಅಂದುಕೊಂಡಿದ್ದೆ ನಾನು. ಪೆಪ್ಪರಮೆಂಟೋ, ಯಾವುದೋ ಬೀಜವೋ, ಕೆಲವರಿಗೆ ಸಾಲದೆ ಬರುತ್ತದೆ ಅಂತ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಕೇಳಬಹುದಿತ್ತು. ಎದ್ದು ಬಾಗಿಲ ಹತ್ತಿರ ಹೋಗಿ ಇಣುಕಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲೇ ಇರುವವರನ್ನು ಕೇಳಲು ಯಾರಿಗೆ ಅವಸರ?

ಈ ವರ್ಷ ಆ ಪಾಠಕ್ಕೆ ಬರುವ ಮೊದಲೇ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು. ನಾನು ನೋಡಲು ಹೋದೆ. ಅವರ ಅಕ್ಕನವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಮೇಡಂ ನನ್ನನ್ನು ನೋಡಿದರು. ಎಡಗೈ ಎತ್ತಿದರು. ಹೆಬ್ಬೆರಳನ್ನೂ ಕಿರುಬೆರಳನ್ನೂ ಒಂದಕ್ಕೊಂದು ಒತ್ತಿ ಹಿಡಿದು, ಕೈಯನ್ನು ತಮ್ಮ ಕಡೆಗೆ ಬಾಗಿಸಿ, ಅದನ್ನೇ ನೋಡುತ್ತಾ ಇದ್ದರು. ತುಂಬ ಹೊತ್ತು. ನಾನೂ ಅಕ್ಕನವರೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಒಂದೇ ಯೋಚನೆ ಬಂತು — ಮೇಡಂ ಪ್ರಾರ್ಥನೆ ಮಾಡುತ್ತಿದ್ದಾರೆ. ನಾನು ಅಲ್ಲೇ ತಲೆ ಬಾಗಿಸಿ ನಿಂತೆ. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದು ಬೆಂಚಿನ ಮೇಲಿದ್ದವರಿಗೆ ಹೇಳಿದೆ. ಎರಡು ದಿನಕ್ಕೆ ಅವರು ಹೋದರು. ಮಾತು ಊರೆಲ್ಲ ಹರಡಿತು.

ಆ ಮಾತಿನಿಂದ ಏನಾಯಿತು ಅಂತ ನಿಮಗೆ ಗೊತ್ತಿರಬೇಕು. ಅಧ್ಯಕ್ಷರೇ, ನಿಮ್ಮ ಮಾತನ್ನು ಮೊದಲು ನಾನು ಹೇಳುತ್ತೇನೆ, ಮೇಡಂ ಕಲಿಸಿದ ಹಾಗೆ. ತಪ್ಪಿದ್ದರೆ ಅಲ್ಲಿಂದಲೇ ನಿಲ್ಲಿಸಿ. ನೀವು ಮೀಟಿಂಗಿನಲ್ಲಿ ಅಂದಿರಿ, ಈ ಪಾಠದಿಂದ ಪ್ರತಿ ವರ್ಷ ಮನೆಮನೆಯಲ್ಲಿ ಜಗಳ ಆಗುತ್ತಿದೆ. ಅದನ್ನು ಮಾಡುತ್ತಿದ್ದವರೇ ಕೊನೆಗಾಲದಲ್ಲಿ ದೇವರ ಕಡೆ ತಿರುಗಿದರು. ಅಂದ ಮೇಲೆ ಈ ವರ್ಷ ಆ ಪಾಠ ಬಿಡುವುದೇ ಅವರಿಗೆ ಮರ್ಯಾದೆ. ಹೊಸಬರು ಬರುವ ತನಕ ಯಾರನ್ನೂ ಆ ಪೀರಿಯಡ್ಡಿಗೆ ಹಾಕುವುದು ಬೇಡ. ನಿಮಗೆ ಮೇಡಂ ಮೇಲೆ ದ್ವೇಷ ಇರಲಿಲ್ಲ, ಮಕ್ಕಳು ಮನೆಯಲ್ಲಿ ಹಿರಿಯರ ಜೊತೆ ಚೆನ್ನಾಗಿರಲಿ ಅಂತ ಆಸೆ. ಇದೇ ತಾನೇ ನೀವು ಹೇಳಿದ್ದು?

ತಲೆ ಆಡಿಸುತ್ತಿದ್ದಾರೆ. ಆಯ್ತು. ಈಗ ನನ್ನ ಸರದಿ.

ಈ ಸಭೆಗೆ ಹಾಕಲು ಮೇಡಂ ಫೋಟೋದ ಫ್ಲೆಕ್ಸ್ ಮಾಡಿಸುವ ಕೆಲಸ ನನಗೆ ಬಿತ್ತು. ಫೋಟೋ ಕೆಳಗೆ ಒಂದು ಸಾಲು ಬರೆಸಬೇಕು ಅಂತ ಮಂಡಳಿಯಲ್ಲಿ ತೀರ್ಮಾನವಾಗಿತ್ತು — 'ಕೊನೆಯ ಕ್ಷಣದಲ್ಲಿ ಪ್ರಾರ್ಥನೆಯಲ್ಲಿ ಲೀನರಾದ ನಮ್ಮ ಮೇಡಂ'. ಪ್ರಿಂಟಿಂಗ್ ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ. ಆ ಸಾಲು ಟೈಪ್ ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸಿದ.

"ಸರ್, ಮೇಡಂ ಪ್ರಾರ್ಥನೆ ಮಾಡಿದ್ರಾ? ಹೇಗೆ ಮಾಡಿದ್ರು?"

ನಾನು ತೋರಿಸಿದೆ. ಹೆಬ್ಬೆರಳು, ಕಿರುಬೆರಳು, ಕೈ ಬಾಗಿಸಿ.

ಅವನು ನನ್ನ ಕೈಯನ್ನೇ ನೋಡುತ್ತಾ ಇದ್ದ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ತನ್ನ ಕೈಯನ್ನೂ ಹಾಗೇ ಮಾಡಿ ನನ್ನ ಕೈ ಪಕ್ಕ ಇಟ್ಟ. "ಸರ್, ಇದು ಪ್ರಾರ್ಥನೆ ಅಲ್ಲ. ಇದು ಪಾಠ. ನೀವು ಪಕ್ಕದ ಕ್ಲಾಸಲ್ಲೇ ಇದ್ರಲ್ಲ ಸರ್."

ಅಂಗಡಿಯಲ್ಲಿ ಪ್ರಿಂಟರ್ ಓಡುತ್ತಿತ್ತು. ಆಸ್ಪತ್ರೆಯಲ್ಲಿ ಅವರು ನನ್ನ ಮುಖ ನೋಡಿ ಕೈ ಎತ್ತಿದ್ದರು. ನನ್ನನ್ನು ನೋಡಿಯೇ ಎತ್ತಿದ್ದು. ಅವರ ಎದುರಿಗೆ ನಾನು ಕಣ್ಣು ಮುಚ್ಚಿ ನಿಂತಿದ್ದೆ.

ಆ ಸಾಲು ಬರೆಸದೆ ಸೀದಾ ಅವರ ಮನೆಗೆ ಹೋದೆ. ಬಾಗಿಲು ತಟ್ಟಿದೆ. ಅಕ್ಕತಂಗಿ ಇಬ್ಬರೂ ಒಂದೇ ಮನೆಯಲ್ಲಿ ಇದ್ದವರು. ಅಕ್ಕ ಮೂರು ಹೊತ್ತು ಪ್ರಾರ್ಥನೆ ಮಾಡುವವರು, ತಂಗಿ ಒಂದು ಹೊತ್ತೂ ಇಲ್ಲ. ಈ ದುಃಖದಲ್ಲಿ ಅಕ್ಕನಿಗೆ ಉಳಿದಿರುವ ಒಂದೇ ಸಮಾಧಾನವನ್ನು ಕಿತ್ತುಕೊಳ್ಳಲು ಹೊರಟಿದ್ದೇನಲ್ಲ ಅನ್ನಿಸಿತು. ವಾಪಸ್ ಹೋಗಿಬಿಡೋಣ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಅವರೇ ಬಾಗಿಲು ತೆಗೆದರು.

ಅವರು ಪಾತ್ರೆ ಒರೆಸುತ್ತಾ ನನ್ನ ಮಾತು ಪೂರ್ತಿ ಕೇಳಿದರು. ಮುಂದಿನದನ್ನು ಅವರೇ ಹೇಳಿದ ಹಾಗೆ ಹೇಳುತ್ತೇನೆ. ಅಕ್ಕಾ, ತಪ್ಪಿದರೆ ಹೇಳಿ.

"ನೀವು ಬಂದಿದ್ದಾಗ ನಂಗೂ ಹಾಗೇ ಅನ್ನಿಸ್ತು ಮೇಷ್ಟ್ರೇ. ನೀವು ಹೋದ ಮೇಲೆ ಅವಳು ಅದೇ ಕೈಯಲ್ಲಿ ನನ್ನ ಕೈ ಹಿಡ್ಕೊಂಡು ಬೆರಳು ಸೇರಿಸೋಕೆ ಹೋದ್ಲು. ಆಗ ಗೊತ್ತಾಯ್ತು. ಪ್ರತಿ ವರ್ಷ ಆ ಪಾಠ ಬಂತು ಅಂದ್ರೆ ಅಡುಗೆಮನೆಗೆ ಬಂದು ನನ್ನ ಕೈ ಹೀಗೇ ಹಿಡೀತಿದ್ಲು. ಅಕ್ಕಾ ನಿನಗಿದೆ, ನನಗಿಲ್ಲ, ಅಮ್ಮನಿಗೂ ಇರ್ಲಿಲ್ಲ ಅನ್ನೋಳು. ನಾನು ಒದ್ದೆ ಕೈ ಕೊಡವಿ ಬೈತಿದ್ದೆ."

ನಾನು ಕೇಳಿದೆ, ಮತ್ತೆ ಎಲ್ಲರಿಗೂ ಪ್ರಾರ್ಥನೆ ಅಂತ ಹೇಳಿದಿರಲ್ಲ ಅಂತ. ಅವರು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದರು.

"ಬಂದೋರೆಲ್ಲ ಕೈ ಹಿಡ್ಕೊಂಡು, ಕೊನೆಗಾದ್ರೂ ದೇವರನ್ನ ನೆನೆದ್ಲಲ್ಲ ಅಂದ್ರು. ನಾನು ಹೌದು ಅಂದೆ. ಅವಳು ಎಲ್ಲಿಗೆ ಹೋದ್ಲೋ ಅಂತ ನನಗೆ ನಿದ್ದೆ ಬರಲ್ಲ ಮೇಷ್ಟ್ರೇ. ಹೌದು ಅಂದಾಗೆಲ್ಲ ಸ್ವಲ್ಪ ಹೊತ್ತು ಕಣ್ಣು ಹತ್ತೋದು."

ನಾನು ಹೇಳಿದೆ, ಹಾಗಾದರೆ ಈ ವಿಷಯ ಇಲ್ಲಿಗೇ ಬಿಟ್ಟುಬಿಡುತ್ತೇನೆ ಅಂತ. ಆಗ ಅವರು ಹೇಳಿದ ಮಾತಿಗಾಗಿಯೇ ಇವತ್ತು ನಾನು ಇಲ್ಲಿ ನಿಂತಿರುವುದು.

"ಬೇಡ. ಹೇಳಿಬಿಡಿ. ಇಷ್ಟು ವರ್ಷ ಒಂದೇ ಮನೇಲಿದ್ವಿ, ನನ್ನ ಪ್ರಾರ್ಥನೆಗೆ ಅವಳು ಒಂದಿನಾನೂ ಅಡ್ಡ ಬರ್ಲಿಲ್ಲ. ನಾನು ಕೂತಾಗ ರೇಡಿಯೋ ಸಣ್ಣ ಮಾಡ್ತಿದ್ಲು. ಈಗ ಅವಳ ಪಾಠಕ್ಕೆ ನಾನು ಅಡ್ಡ ಬರ್ಲಾ? ನಂಗೆ ಅಷ್ಟು ಜನರ ಮುಂದೆ ಬಾಯಿ ಬರಲ್ಲ. ನೀವೇ ಹೇಳಿ."

ಅಕ್ಕಾ, ಸರಿಯಾಗಿ ಹೇಳಿದೆನಾ?

ಸರಿ ಅಂತಿದ್ದಾರೆ.

ನಿಮ್ಮ ಹಿಂದಿರುವ — ಅಲ್ಲ, ನನ್ನ ಹಿಂದಿರುವ ಈ ಫೋಟೋ ಕೆಳಗೆ ಯಾಕೆ ಏನೂ ಬರೆದಿಲ್ಲ ಅಂತ ಕೆಲವರು ಬರುವಾಗಲೇ ಕೇಳಿದಿರಿ. ಕಾರಣ ಇದು.

ಈಗ ಒಂದು ಕೆಲಸ ಮಾಡೋಣ. ಶೋಕಸಭೆಯಲ್ಲಿ ಇದು ಸರಿಯೋ ತಪ್ಪೋ ನನಗೆ ತಿಳಿಯದು. ಎಲ್ಲರೂ ಒಂದು ಕೈ ಮುಂದೆ ಚಾಚಿ, ಅಂಗೈ ಮೇಲ್ಮುಖವಾಗಿರಲಿ. ಹೆಬ್ಬೆರಳನ್ನೂ ಕಿರುಬೆರಳನ್ನೂ ಸೇರಿಸಿ, ಒತ್ತಿ ಹಿಡಿಯಿರಿ. ಕೈಯನ್ನು ಸ್ವಲ್ಪ ನಿಮ್ಮ ಕಡೆ ಬಾಗಿಸಿ. ಹಾಂ, ಹಾಗೆ. ಈಗ ಮಣಿಕಟ್ಟು ನೋಡಿಕೊಳ್ಳಿ. ನಡುವೆ ಒಂದು ನರದ ಹಾಗೆ ಎದ್ದು ನಿಂತಿದೆಯಾ? ಅದು ನರ ಅಲ್ಲ, ಸ್ನಾಯುವಿನ ತುದಿ, ಪ್ರಿಂಟಿಂಗ್ ಅಂಗಡಿಯವನು ನನ್ನನ್ನು ತಿದ್ದಿದ. ನಮ್ಮಲ್ಲಿ ಹೆಚ್ಚಿನವರಿಗೆ ಇರುತ್ತದೆ, ಕೆಲವರಿಗೆ ಇರುವುದೇ ಇಲ್ಲ. ಇಲ್ಲದವರಿಗೆ ಏನೂ ಕಮ್ಮಿಯಾಗಿಲ್ಲ, ಬಿಂದಿಗೆ ಎತ್ತಬಹುದು, ಹಲಗೆ ಕುಟ್ಟಬಹುದು. ಯಾವುದೋ ಕಾಲದಲ್ಲಿ, ಕೈಯೂರಿ ಮರದಿಂದ ಮರಕ್ಕೆ ಓಡಾಡುತ್ತಿದ್ದ ಜೀವಗಳಿಗೆ ಅದು ಬೇಕಾಗಿತ್ತಂತೆ. ಈಗ ಬೇಕಿಲ್ಲ, ಮೆಲ್ಲಗೆ ಹೋಗುತ್ತಾ ಇದೆ. ಒಬ್ಬೊಬ್ಬರಲ್ಲಿ ಹೋಗಿದೆ, ಒಬ್ಬೊಬ್ಬರಲ್ಲಿ ಉಳಿದಿದೆ, ಒಂದೇ ತಾಯಿಯ ಮಕ್ಕಳಲ್ಲೂ.

ಕೇಳುತ್ತಿದೆಯಾ?

ಈ ಗುಜುಗುಜು. "ನಂಗಿದೆ", "ನಿಂಗಿಲ್ಲ". ನೀವು ಮಾಡುತ್ತಿರುವ ಈ ಸದ್ದು — ಇದೇ. ಇಷ್ಟು ವರ್ಷ ಹಲಗೆಯ ಮೇಲಿಂದ ನನಗೆ ಬರುತ್ತಿದ್ದದ್ದು ಇದೇ ಸದ್ದು. ಕ್ಷಮಿಸಿ — ಒಂದು ಗುಟುಕು ನೀರು ಕೊಡಿ.

ನಾನು ಲೆಕ್ಕದವನು. ಆ ಪುಸ್ತಕವನ್ನು ತಂದು ಓದಿದೆ. ಲೆಕ್ಕ ತಾಳೆಯಾಗುತ್ತದೆ. ನನ್ನ ದೇವರು ನನಗೆ ಇದ್ದಾನೆ, ಅವನಿಗೆ ಈ ಪಾಠದಿಂದ ಏನೂ ಕಮ್ಮಿಯಾದದ್ದನ್ನು ನಾನು ಕಂಡಿಲ್ಲ. ಆದರೂ ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಗೇಟಿನ ಹತ್ತಿರ ನಿಲ್ಲುವವರಲ್ಲಿ ನನ್ನ ಜೊತೆ ಪ್ರಾರ್ಥನೆಗೆ ಕೂರುವವರೇ ಹೆಚ್ಚು. ನನ್ನ ತಮ್ಮನೇ ಇದ್ದಾನೆ.

ಹೆಡ್‌ಮೇಡಂ, ಸ್ಟಾಫ್‌ರೂಮಿನ ಬೋರ್ಡಿನಲ್ಲಿ ಮೂರನೇ ಪೀರಿಯಡ್ಡಿನ ಎದುರು ಜಾಗ ಖಾಲಿ ಬಿಟ್ಟಿದ್ದೀರಿ. ಮಂಡಳಿ ಬೇಡ ಅಂದಿತ್ತು, ತಾವಾಗಿ ಮುಂದೆ ಬಂದವರೂ ಯಾರೂ ಇರಲಿಲ್ಲ, ನನಗೆ ಗೊತ್ತು. ಸೋಮವಾರದಿಂದ ಅಲ್ಲಿ ನನ್ನ ಹೆಸರು ಹಾಕಿ. ಆ ಹೊತ್ತಿನ ನನ್ನ ಕ್ಲಾಸನ್ನು ಊಟದ ನಂತರ ತೆಗೆದುಕೊಳ್ಳುತ್ತೇನೆ. ಅಧ್ಯಕ್ಷರೇ, ನೀವು ಇದನ್ನು ತಡೆಯಬಹುದು, ಅಧಿಕಾರ ನಿಮಗಿದೆ. ತಡೆಯುವುದಾದರೆ ನಿಮ್ಮ ಕಾರಣಕ್ಕೆ ತಡೆಯಿರಿ. ಮೇಡಂ ಹೆಸರು ಹೇಳಿ ತಡೆಯಬೇಡಿ.

ಚಿತ್ರ ನನಗೆ ಬರೆಯಲು ಬರುವುದಿಲ್ಲ, ಮಕ್ಕಳೇ. ನನ್ನ ತಿಮಿಂಗಿಲ ಬದನೆಕಾಯಿ ಥರ ಇರುತ್ತದೆ. ಸಹಿಸಿಕೊಳ್ಳಿ.

ಇನ್ನು ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಅಕ್ಕಾ, ನೀವು ಕೂತೇ ಇರಿ, ಪರವಾಗಿಲ್ಲ. ಇಲ್ಲ, ಏಳುತ್ತಿದ್ದಾರೆ, ಯಾರಾದರೂ ಕೈ ಹಿಡಿದುಕೊಳ್ಳಿ.

ಪ್ರಾರ್ಥಿಸುವವರು ಪ್ರಾರ್ಥಿಸಿ, ನಾನೂ ಪ್ರಾರ್ಥಿಸುತ್ತೇನೆ. ಪ್ರಾರ್ಥಿಸದವರು ಸುಮ್ಮನೆ ನಿಲ್ಲಿ. ಅವರಿಗೆ ಮಾತು ಹೋದ ದಿನದಿಂದ ಇವತ್ತಿನವರೆಗೆ ಅವರ ಪರವಾಗಿ ನಾವೆಲ್ಲ ಮಾತಾಡಿದ್ದೇವೆ, ಈಗ ಇಷ್ಟು ಹೊತ್ತು ನಾನೂ ಅದನ್ನೇ ಮಾಡಿದೆ. ಒಂದು ನಿಮಿಷ, ಅವರ ಪರವಾಗಿ ಯಾರೂ ಏನೂ ಹೇಳದೆ ಇರೋಣ.